ಬ್ಯಾಂಕಾಕಿಗೆ ಹೋದ ಮೈಸೂರು, ಯುರೋಪಿಗೆ ಹೋದ ಟಿಬಿಲಿಸಿ

2023ರ ಮಾರ್ಚ್ ತಿಂಗಳ ಮಾತು. ದಿನಾ ಬೆಳಿಗ್ಗೆ ಪರಿಪಾಠದ ಹೊತ್ತಿಗೆ ಮಕ್ಕಳಿಂದ ಪೇಪರಿನ ನಾಲ್ಕು ಸುದ್ದಿ ಓದಿಸುವುದು ನಮ್ಮ ಶಾಲೆಯ ರೂಢಿ. ಅವತ್ತು ಏಳನೇ ಇಯತ್ತೆಯ ಹುಡುಗನೊಬ್ಬ ಆಟದ ಪುಟದ ಸುದ್ದಿ ಓದಿದ. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮಾರ್ಚ್ 4ರಂದು ನಡೆದ ಸಂತೋಷ್ ಟ್ರೋಫಿ ಫುಟ್‌ಬಾಲ್ ಫೈನಲ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಟ್ರೋಫಿ ಗೆದ್ದಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಕೇಳಿಯೇಬಿಟ್ಟ:

"ಸರ್, ನಾವು ಚಪ್ಪಾಳಿ ಹೊಡೀಬೇಕ್ರೀ ಹೊಡೀಬಾರದ್ರೀ? ನಮ್ಮ ಟೀಮ್ ಮಹಾರಾಷ್ಟ್ರ ಅಲ್ರೀ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಮುಚ್ಚಂಡಿ ಜತ್ ತಾಲ್ಲೂಕಿನ ಊರು, ಜಿಲ್ಲೆ ಸಾಂಗ್ಲಿ. ನಮ್ಮ ಕಡೆಯವರಿಗೆ ಸಾಂಗ್ಲಿಗಿಂತ ವಿಜಯಪುರವೇ ಹತ್ತಿರ. ಮಕ್ಕಳ ಕೈಯಲ್ಲಿರುವುದು ಪುಣೆಯ ಬಾಲಭಾರತಿ ಅಚ್ಚು ಹಾಕಿದ ಕನ್ನಡ ಪುಸ್ತಕ. ನಮ್ಮ ಹುಡುಗರು ಕಬಡ್ಡಿ ಆಡಲು ಹೋದಾಗ ಅಂಗಿಯ ಮೇಲೆ ಊರಿನ ಹೆಸರು ಮರಾಠಿಯಲ್ಲಿರುತ್ತದೆ. ಆಡುವಾಗ ಮಾತ್ರ "ಕಾಲ್ ಹಿಡಿಯೋ, ಬಿಡಬ್ಯಾಡ!" ಎಂದು ಕೂಗುವುದು ಕನ್ನಡದಲ್ಲಿ. ಜಿಲ್ಲಾ ಮಟ್ಟಕ್ಕೆ ಹೋದರೆ ಎದುರಿನ ತಂಡಕ್ಕೆ ಈ ಕೂಗು ಅರ್ಥವಾಗುವುದಿಲ್ಲ. ಅದು ನಮಗೊಂದು ಲಾಭವೇ ಅನ್ನಿ!

ಆ ಹುಡುಗನಿಗೆ ಅವತ್ತು "ಯಾರು ಚೆನ್ನಾಗಿ ಆಡಿದರೂ ಚಪ್ಪಾಳೆ ಹೊಡೀಬೇಕಪ್ಪಾ" ಎಂದು ಹೇಳಿ ಪಾರಾದೆ. ಮೇಷ್ಟ್ರುಗಳು ಪಾರಾಗುವ ದಾರಿ ಅದು. ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಒಂದು ತಂಡ ಹೊರಗೆ ಆಡಲು ಹೋದಾಗ ಅದು ಯಾರ ತಂಡ? ಎದೆಯ ಮೇಲೆ ಬರೆದ ಹೆಸರಿನದೋ, ಆಟಗಾರನ ಬಾಯಲ್ಲಿರುವ ಭಾಷೆಯದೋ, ಊರಲ್ಲಿ ಕೂತು ಕಾಯುವ ಜನರದೋ? ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ. ಒಂದು ನಮ್ಮದೇ ಮೈಸೂರಿನದು. ಇನ್ನೊಂದು ಈಗ ಇಲ್ಲವಾಗಿರುವ ಸೋವಿಯತ್ ಒಕ್ಕೂಟದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಬನ್ನಿ.

ದಂಡು ಪ್ರದೇಶದ ಆಟ

ಕರ್ನಾಟಕ ಎಂದರೆ ಕ್ರಿಕೆಟ್ ಎನ್ನುವವರೇ ಹೆಚ್ಚು. ಆದರೆ ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸಿಪಾಯಿಗಳು ಬಿಟ್ಟುಹೋದ ಫುಟ್‌ಬಾಲ್ ಬೇರು ಬಿಟ್ಟು ಎಷ್ಟೋ ಕಾಲವಾಗಿದೆ. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ ಇವೆಲ್ಲ ಚೆಂಡಿನ ಹಿಂದೆ ಓಡಿ ಬೆಳೆದ ಬಡಾವಣೆಗಳು. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆಗೆ ಬ್ರೆಜಿಲ್‌ನ ಪೆಲೆಯ ಪ್ರತಿಮೆಯೂ ಇದೆ ಎಂದರೆ ನೀವೇ ಊಹಿಸಿ.

ಮುಂಬಯಿಯಲ್ಲಿ 1891ರಿಂದ ರೋವರ್ಸ್ ಕಪ್ ನಡೆಯುತ್ತಿತ್ತು. ವರ್ಷ ವರ್ಷವೂ ಬ್ರಿಟಿಷ್ ಸೈನ್ಯದ ತಂಡಗಳೇ ಅದನ್ನು ಒಯ್ಯುತ್ತಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಯಾವುದು ಗೊತ್ತೇ? ಕಲ್ಕತ್ತೆಯದಲ್ಲ, ಮುಂಬಯಿಯದೂ ಅಲ್ಲ, ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ 1938ರಲ್ಲೂ ಅವರೇ ಗೆದ್ದರು.

1948ರಲ್ಲಿ ಸ್ವತಂತ್ರ ಭಾರತದ ತಂಡ ಮೊದಲ ಸಲ ಒಲಿಂಪಿಕ್ಸ್‌ಗೆ ಹೋಯಿತು. ಲಂಡನ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿ 1-2ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಧನರಾಜ್, ಸಾಲೆ, ಅಪ್ಪಾರಾವ್, ವೆಂಕಟೇಶ್ ಮತ್ತು ಅಹ್ಮದ್ ಖಾನ್ ಈ ಐವರು ಮುಂಪಡೆ ಆಟಗಾರರನ್ನು ಬಂಗಾಳಿಗಳು ಪಂಚಪಾಂಡವರು ಎಂದೇ ಕರೆದರು. ಐದು ಜನರಲ್ಲಿ ಬಂಗಾಳಿ ಒಬ್ಬನೂ ಇಲ್ಲ! ಆದರೂ ಕಲ್ಕತ್ತೆಯ ಜನ ಅವರನ್ನು ತಮ್ಮವರೆಂದೇ ಎದೆಗೆ ಹಚ್ಚಿಕೊಂಡರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಾಜ್ಯವೇ ಕ್ಲಬ್ ಆದದ್ದು

1941ರಲ್ಲಿ ಶುರುವಾದ ಸಂತೋಷ್ ಟ್ರೋಫಿ ರಾಜ್ಯ ರಾಜ್ಯಗಳ ನಡುವಿನ ಪಂದ್ಯಾವಳಿ. ಮೈಸೂರು ಇದನ್ನು 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದಿತು. ಬಂಗಾಳದಂಥ ಬಂಗಾಳ ಇರುವಾಗ ನಾಲ್ಕು ಸಲ ಗೆಲ್ಲುವುದು ಸಣ್ಣ ಮಾತಲ್ಲ.

ಈ ನಡುವೆ 1967ರಲ್ಲಿ ಏಷ್ಯಾದ ಚಾಂಪಿಯನ್ ಕ್ಲಬ್‌ಗಳ ಟೂರ್ನಿ ಆರಂಭವಾಯಿತು. ಯುರೋಪಿನಲ್ಲಿ 1955ರಿಂದ ನಡೆಯುತ್ತಿದ್ದ ಯುರೋಪಿಯನ್ ಕಪ್ಪಿನ ಮಾದರಿ ಅದು. ಪ್ರತಿ ದೇಶವೂ ತನ್ನ ಲೀಗ್ ಗೆದ್ದ ಕ್ಲಬ್ಬನ್ನು ಕಳಿಸಬೇಕು. ಆದರೆ ಭಾರತಕ್ಕೆ ಲೀಗ್ ಎಲ್ಲಿತ್ತು? ಕಲ್ಕತ್ತೆಗೆ ಅದರದೇ ಲೀಗ್, ಮುಂಬಯಿಗೆ ಅದರದೇ ಲೀಗ್, ಬೆಂಗಳೂರಿಗೆ ಅದರದೇ. ಇಡೀ ದೇಶದ ಲೀಗ್ ಅಂತ ಶುರುವಾಗಿದ್ದು 1996ರಲ್ಲಿ. ಹಾಗಾಗಿ 1969ರ ಜನವರಿಯಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಎರಡನೇ ಟೂರ್ನಿಗೆ ಭಾರತದ ಪರವಾಗಿ ಹೋಗಿದ್ದು ಒಂದು ಕ್ಲಬ್ ಅಲ್ಲ, ಸಂತೋಷ್ ಟ್ರೋಫಿಯ ಚಾಂಪಿಯನ್ ಮೈಸೂರು ರಾಜ್ಯ ತಂಡ!

ಎಂಥೆಂಥ ತಂಡಗಳ ನಡುವೆ ಎಂದು ನೋಡಿ. ಕಪ್ ಗೆದ್ದದ್ದು ಇಸ್ರೇಲಿನ ಮಕಾಬಿ ಟೆಲ್ ಅವೀವ್. ಫೈನಲ್‌ನಲ್ಲಿ ಸೋತದ್ದು ದಕ್ಷಿಣ ಕೊರಿಯಾದ ಯಾಂಗ್‌ಜೀ. ಇದು ಅಲ್ಲಿನ ಗುಪ್ತಚರ ಇಲಾಖೆಯೇ ಕಟ್ಟಿದ ತಂಡ. ಮೂರನೇ ಸ್ಥಾನ ಪಡೆದದ್ದು ಜಪಾನಿನ ಟೋಯೊ ಕೊಗ್ಯೊ, ಅಂದರೆ ಈಗ ಮಾಜ್ದಾ ಎಂದು ಹೆಸರಾದ ಕಾರು ಕಂಪನಿಯ ತಂಡ. ಆ ಮೂರನೇ ಸ್ಥಾನದ ಪಂದ್ಯದಲ್ಲಿ 0-2ರಿಂದ ಸೋತು ನಾಲ್ಕನೆಯದಾಗಿ ಬಂದದ್ದು ನಮ್ಮ ಮೈಸೂರು. ಕಾರು ಕಂಪನಿ, ಗುಪ್ತಚರ ಇಲಾಖೆಗಳ ನಡುವೆ ಒಂದು ರಾಜ್ಯ.

ಏಷ್ಯಾದಲ್ಲಿ ನಾಲ್ಕನೇ ಸ್ಥಾನ! ಇವತ್ತಾದರೆ ಟಿವಿಯವರು ಬಿಡುತ್ತಿದ್ದರೇ? ಆದರೆ ನನ್ನ ಟಿಸಿಎಚ್ ಓದಿನಲ್ಲಾಗಲಿ ಬಿಎ ಓದಿನಲ್ಲಾಗಲಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಇನ್ನೊಂದು ತಮಾಷೆ ನೋಡಿ. ಅಂಗಿಯ ಮೇಲಿದ್ದ ಹೆಸರು ಮೈಸೂರು. 1973ರ ನವೆಂಬರ್ 1ರಂದು ರಾಜ್ಯದ ಹೆಸರೇ ಕರ್ನಾಟಕ ಎಂದಾಯಿತು. ದಾಖಲೆಯಲ್ಲಿ ಮಾತ್ರ ಇವತ್ತಿಗೂ "ಮೈಸೂರು ರಾಜ್ಯ" ಎಂಬ ತಂಡ ಬ್ಯಾಂಕಾಕ್‌ನಲ್ಲಿ ಆಡುತ್ತಲೇ ಇದೆ.

ಬೆಂಗಳೂರಿನ ಫುಟ್‌ಬಾಲ್ ಮನೆಗಳಲ್ಲಿ ತಮಿಳು, ಉರ್ದು, ತೆಲುಗು, ಕನ್ನಡ ಎಲ್ಲವೂ ಇದ್ದವು. ರಾಮನ್, ಧನರಾಜ್, ಅಹ್ಮದ್ ಖಾನ್ ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ಅವರಿಗೆಲ್ಲ ಕೆಲಸ ಕೊಟ್ಟು ಆಡಿಸಿದ್ದು ಎಚ್‌ಎಎಲ್, ಐಟಿಐ, ಎಂಇಜಿಯಂಥ ಕಾರ್ಖಾನೆ ಮತ್ತು ಸೈನ್ಯದ ತಂಡಗಳು. ಹೆಸರಿಗೆ ನೌಕರ, ಕೆಲಸ ಆಟ. ಈಗ ಇಲ್ಲಿಂದ ಸೀದಾ ಸೋವಿಯತ್ ಒಕ್ಕೂಟಕ್ಕೆ ಹೋಗಬಹುದು, ಏಕೆಂದರೆ ಅಲ್ಲಿಯೂ ಇದೇ ಪದ್ಧತಿ.

ರಷ್ಯನ್ನರಲ್ಲದ "ರಷ್ಯನ್ನರು"

ಸೋವಿಯತ್ ಒಕ್ಕೂಟದಲ್ಲಿ ವೃತ್ತಿಪರ ಆಟಗಾರ ಎಂಬ ಮಾತೇ ಇರಲಿಲ್ಲ. ಡೈನಮೊ ತಂಡಗಳು ಪೊಲೀಸ್ ಮತ್ತು ಭದ್ರತಾ ಇಲಾಖೆಯವು, ಸಿಎಸ್‌ಕೆಎ ಸೈನ್ಯದ್ದು, ಲೊಕೊಮೊಟಿವ್ ರೈಲ್ವೆಯದು, ಟಾರ್ಪಿಡೊ ಮಾಸ್ಕೋದ ಮೋಟಾರು ಕಾರ್ಖಾನೆಯದು. ಆದರೆ ನಮಗೂ ಅವರಿಗೂ ಒಂದು ವ್ಯತ್ಯಾಸವಿತ್ತು. 1936ರಿಂದಲೇ ಅಲ್ಲಿ ಇಡೀ ದೇಶಕ್ಕೆ ಒಂದೇ ಲೀಗ್ ಇತ್ತು. ಮಾಸ್ಕೋದವರು, ಉಕ್ರೇನಿನ ಕೀವ್‌ನವರು, ಜಾರ್ಜಿಯಾದ ಟಿಬಿಲಿಸಿಯವರು, ಅರ್ಮೇನಿಯಾದ ಯೆರೆವಾನ್‌ನವರು, ಬೆಲಾರೂಸ್‌ನ ಮಿನ್ಸ್ಕ್‌ನವರು ಎಲ್ಲರೂ ಒಂದೇ ಕಣದಲ್ಲಿ ಸೆಣಸುತ್ತಿದ್ದರು.

ಹೀಗಿದ್ದೂ ಯುರೋಪಿನ ಕ್ಲಬ್ ಟೂರ್ನಿಗಳು ಶುರುವಾಗಿ ಹತ್ತು ವರ್ಷ ಸೋವಿಯತ್ ಕ್ಲಬ್‌ಗಳು ಅತ್ತ ಸುಳಿಯಲಿಲ್ಲ. ಮೊದಲು ಹೋದದ್ದು 1965ರಲ್ಲಿ ಡೈನಮೊ ಕೀವ್, ಕಪ್ ವಿನ್ನರ್ಸ್ ಕಪ್ಪಿಗೆ. ಮರುವರ್ಷ ಯುರೋಪಿಯನ್ ಕಪ್ಪಿಗೆ ಟಾರ್ಪಿಡೊ ಮಾಸ್ಕೋ ಹೋಯಿತು. ಮೊದಲ ಸುತ್ತಿನಲ್ಲೇ ಇಟಲಿಯ ಇಂಟರ್ ಮಿಲಾನ್ ಎದುರು ಒಂದೇ ಒಂದು ಗೋಲಿನಿಂದ ಸೋತು ಮರಳಿತು.

ಅವರಿಗೆ ಹವಾಮಾನದ ತೊಡಕೂ ಇತ್ತು. ಯುರೋಪಿನ ಬಹುಪಾಲು ಕಡೆ ಲೀಗ್ ಆಗಸ್ಟ್‌ನಿಂದ ಮೇ ತನಕ ನಡೆಯುತ್ತದೆ. ಸೋವಿಯತ್ ಲೀಗ್ ವಸಂತದಲ್ಲಿ ಶುರುವಾಗಿ ಹಿಮ ಬೀಳುವ ಮೊದಲು ಮುಗಿಯುತ್ತಿತ್ತು. ಯುರೋಪಿಯನ್ ಟೂರ್ನಿಯ ಕ್ವಾರ್ಟರ್ ಫೈನಲ್ ಬರುತ್ತಿದ್ದುದು ಮಾರ್ಚ್‌ನಲ್ಲಿ. ಎದುರಾಳಿ ಲೀಗ್ ಆಡಿ ಆಡಿ ಹದಗೊಂಡಿರುತ್ತಾನೆ, ಇವರು ಮೂರು ತಿಂಗಳ ರಜೆ ಮುಗಿಸಿ ಆಗಷ್ಟೇ ಬೂಟು ಕಟ್ಟಿರುತ್ತಾರೆ. ಬೇಸಿಗೆ ರಜೆ ಮುಗಿದ ಮರುದಿನವೇ ವಾರ್ಷಿಕ ಪರೀಕ್ಷೆ ಇಟ್ಟ ಹಾಗೆ!

ಆದರೂ ಗೆದ್ದರು. 1975ರ ಮೇ 14ರಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಡೈನಮೊ ಕೀವ್ ಹಂಗೇರಿಯ ಫೆರೆನ್ಸ್‌ವಾರೋಷ್ ತಂಡವನ್ನು 3-0ಯಿಂದ ಸೋಲಿಸಿ ಕಪ್ ವಿನ್ನರ್ಸ್ ಕಪ್ ಎತ್ತಿತು. ಯುರೋಪಿನ ಕಪ್ ಒಂದನ್ನು ಗೆದ್ದ ಸೋವಿಯತ್ ಕ್ಲಬ್ಬುಗಳಲ್ಲಿ ಇದೇ ಮೊದಲನೆಯದು. ಕೋಚ್ ವಲೆರಿ ಲೊಬನೊವ್ಸ್ಕಿ. ಅದೇ ವರ್ಷ ಸೂಪರ್ ಕಪ್‌ನಲ್ಲಿ ಜರ್ಮನಿಯ ಬಲಾಢ್ಯ ಬಯರ್ನ್ ಮ್ಯೂನಿಕ್ ತಂಡವನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿದರು. ಮೂರೂ ಗೋಲು ಒಲೆಗ್ ಬ್ಲೊಖಿನ್ ಒಬ್ಬನದೇ. ಆ ವರ್ಷ ಯುರೋಪಿನ ಅತ್ಯುತ್ತಮ ಆಟಗಾರನ ಬಹುಮಾನವೂ ಅವನಿಗೇ. 1986ರಲ್ಲಿ ಕೀವ್ ಮತ್ತೊಮ್ಮೆ ಅದೇ ಕಪ್ ಗೆದ್ದಿತು.

ಇನ್ನೊಂದು ಕಪ್ ಗೆದ್ದದ್ದು 1981ರಲ್ಲಿ ಡೈನಮೊ ಟಿಬಿಲಿಸಿ. ಅಷ್ಟೇ. ಮಾಸ್ಕೋದ ಒಂದು ಕ್ಲಬ್ಬೂ ಸೋವಿಯತ್ ಕಾಲದಲ್ಲಿ ಯುರೋಪಿನ ಕಪ್ ಗೆಲ್ಲಲಿಲ್ಲ. 1972ರಲ್ಲಿ ಡೈನಮೊ ಮಾಸ್ಕೋ ಫೈನಲ್ ತಲುಪಿ ಸ್ಕಾಟ್ಲೆಂಡಿನ ರೇಂಜರ್ಸ್‌ಗೆ 2-3ರಿಂದ ಸೋತಿತು. ರಾಜಧಾನಿಗೆ ಸಿಗದ್ದನ್ನು ಅಂಚಿನವರು ತಂದರು. ಆದರೆ ಹೊರಗಿನವರ ಬಾಯಲ್ಲಿ ಅವರೆಲ್ಲ ಬರೀ "ರಷ್ಯನ್ನರು". ನಮ್ಮ ಕಡೆಯೂ ಸೋವಿಯತ್ ಒಕ್ಕೂಟವನ್ನು "ರಷ್ಯಾ" ಎಂದೇ ಅಲ್ಲವೇ ಕರೆಯುತ್ತಿದ್ದುದು?

ಟಿಬಿಲಿಸಿಯ ಕಥೆ

ಗಡಿಯಲ್ಲಿ ಕನ್ನಡ ಕಲಿಸುವ ನನ್ನಂಥವನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಈ ಟಿಬಿಲಿಸಿಯ ಕಥೆ. ಜಾರ್ಜಿಯನ್ ಭಾಷೆ ರಷ್ಯನ್‌ಗೆ ಸಂಬಂಧವೇ ಇಲ್ಲದ ಭಾಷೆ. ಲಿಪಿಯೂ ಬೇರೆ. ದುಂಡು ದುಂಡಗಿನ ಆ ಅಕ್ಷರಗಳನ್ನು ಮೊದಲ ಸಲ ನೋಡಿದಾಗ ನನಗಂತೂ ನಮ್ಮ ಕನ್ನಡದ ಅಕ್ಷರಗಳೇ ನೆನಪಾದವು.

1978ರಲ್ಲಿ ಜಾರ್ಜಿಯಾಕ್ಕೆ ಹೊಸ ಸಂವಿಧಾನ ಬರೆಯುವಾಗ, ಜಾರ್ಜಿಯನ್ ಭಾಷೆಗಿದ್ದ ರಾಜ್ಯಭಾಷೆಯ ಸ್ಥಾನವನ್ನು ಕರಡಿನಿಂದ ತೆಗೆಯಲಾಯಿತು. ಏಪ್ರಿಲ್ 14ರಂದು ಟಿಬಿಲಿಸಿಯ ಬೀದಿಗೆ ಸಾವಿರಾರು ಜನ ಇಳಿದರು. ಮುಂದಿದ್ದವರು ವಿದ್ಯಾರ್ಥಿಗಳು. ಸೋವಿಯತ್ ಒಕ್ಕೂಟದಲ್ಲಿ ಬೀದಿಗಿಳಿಯುವುದೆಂದರೆ ಏನೆಂದು ನಿಮಗೆ ಗೊತ್ತು. ಆದರೆ ಅಂದು ಸರ್ಕಾರವೇ ಹಿಂದೆ ಸರಿಯಿತು, ಭಾಷೆಯ ಸ್ಥಾನ ಉಳಿಯಿತು. ಆಗ ಅಲ್ಲಿನ ಪಕ್ಷದ ಮುಖ್ಯಸ್ಥರಾಗಿದ್ದವರು ಮುಂದೆ ಸೋವಿಯತ್ ವಿದೇಶಾಂಗ ಮಂತ್ರಿಯಾದ ಶೆವರ್ಡ್‌ನಾಡ್ಜೆ. ಇಂದಿಗೂ ಜಾರ್ಜಿಯಾದಲ್ಲಿ ಏಪ್ರಿಲ್ 14 ಮಾತೃಭಾಷೆಯ ದಿನ. ನಾಲ್ಕು ವರ್ಷಗಳ ನಂತರ, 1982ರಲ್ಲಿ, ಕರ್ನಾಟಕದಲ್ಲಿ ಗೋಕಾಕ್ ಚಳವಳಿಗೆ ಜನ ಬೀದಿಗೆ ಬಂದದ್ದು ನಿಮಗೆ ನೆನಪಾಗಬಹುದು.

ಅದೇ 1978ರಲ್ಲಿ ಡೈನಮೊ ಟಿಬಿಲಿಸಿ ಸೋವಿಯತ್ ಲೀಗ್ ಗೆದ್ದಿತು. ಮರುವರ್ಷ ಯುರೋಪಿಯನ್ ಕಪ್‌ನಲ್ಲಿ ಎದುರಾದದ್ದು ಇಂಗ್ಲೆಂಡಿನ ಲಿವರ್‌ಪೂಲ್. 1977, 1978ರಲ್ಲಿ ಸತತ ಎರಡು ಸಲ ಆ ಕಪ್ ಗೆದ್ದಿದ್ದ ತಂಡ ಅದು. ಲಿವರ್‌ಪೂಲ್‌ನಲ್ಲಿ 1-2ರಿಂದ ಸೋತ ಟಿಬಿಲಿಸಿಯವರು ತಮ್ಮೂರಿನಲ್ಲಿ 3-0ಯಿಂದ ಹೊಡೆದು ಲಿವರ್‌ಪೂಲನ್ನು ಮನೆಗೆ ಕಳಿಸಿದರು.

1981ರ ಮೇ 13. ಜರ್ಮನಿಯ ಡುಸೆಲ್‌ಡಾರ್ಫ್‌ನಲ್ಲಿ ಕಪ್ ವಿನ್ನರ್ಸ್ ಕಪ್ಪಿನ ಫೈನಲ್. ಎದುರಾಳಿ ಪೂರ್ವ ಜರ್ಮನಿಯ ಕಾರ್ಲ್ ಝೈಸ್ ಯೇನಾ. ಎರಡೂ ತಂಡ ಕಮ್ಯುನಿಸ್ಟ್ ದೇಶಗಳವು, ಊರಿನಿಂದ ಬಂದು ನೋಡುವವರಿಲ್ಲ. ಅಷ್ಟು ದೊಡ್ಡ ಸ್ಟೇಡಿಯಂನಲ್ಲಿ ಐದು ಸಾವಿರ ಜನವೂ ಇರಲಿಲ್ಲ. ಮೊದಲು ಗೋಲು ಹೊಡೆದದ್ದು ಯೇನಾ. ವ್ಲಾದಿಮಿರ್ ಗುತ್ಸಾಯೆವ್ ಸಮ ಮಾಡಿದ. ಆಟ ಮುಗಿಯಲು ಕೆಲವೇ ನಿಮಿಷ ಇರುವಾಗ ವಿತಾಲಿ ದರಾಸೆಲಿಯಾ ಎದುರಾಳಿಗಳನ್ನು ತಪ್ಪಿಸಿಕೊಂಡು ನುಗ್ಗಿ ಗೆಲುವಿನ ಗೋಲು ಹೊಡೆದ. 2-1. ಪಾಪ, ಆ ದರಾಸೆಲಿಯಾ 1982ರ ಡಿಸೆಂಬರ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ.

ಇಲ್ಲಿ ಇನ್ನೊಂದು ಮಡಿಕೆ ಇದೆ. ಗುತ್ಸಾಯೆವ್ ಒಸ್ಸೆಟಿಯನ್ ಜನಾಂಗದವನು. ದರಾಸೆಲಿಯಾ ಹುಟ್ಟಿದ್ದು ಅಬ್ಖಾಜಿಯಾದಲ್ಲಿ. ದೊಡ್ಡ ಹೆಸರು ಸೋವಿಯತ್ ಒಕ್ಕೂಟ, ಅದರ ಒಳಗೆ ಜಾರ್ಜಿಯಾ, ಅದರ ಒಳಗೂ ಮತ್ತೆ ಸಣ್ಣ ಸಣ್ಣ ಹೆಸರುಗಳು. ಜಾರ್ಜಿಯನ್ನರು "ನಮ್ಮನ್ನು ರಷ್ಯನ್ನರು ಅನ್ನಬೇಡಿ" ಎನ್ನುವುದು ಎಷ್ಟು ಸರಿಯೋ, ಅವರಿಗೆ ಕಪ್ ತಂದ ಎರಡೂ ಗೋಲು ಇನ್ನೂ ಸಣ್ಣ ಅಂಚುಗಳಿಂದ ಬಂದವು ಎನ್ನುವುದೂ ಅಷ್ಟೇ ಸರಿ. ಬೆಂಗಳೂರಿನ ತಮಿಳು, ಉರ್ದು ಮನೆಗಳ ಹುಡುಗರು ಮೈಸೂರಿನ ಹೆಸರು ಎತ್ತಿದ ಹಾಗೆ.

1990ರಲ್ಲಿ ಜಾರ್ಜಿಯಾದ ಕ್ಲಬ್‌ಗಳು ಸೋವಿಯತ್ ಲೀಗ್ ಬಿಟ್ಟು ಹೊರಬಂದವು. 1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅಂಗಿಯ ಮೇಲಿನ ದೊಡ್ಡ ಹೆಸರು ಹೋಯಿತು. ಕೀವ್ ಉಳಿಯಿತು, ಟಿಬಿಲಿಸಿ ಉಳಿಯಿತು.

ದೋಹಾದ ಆ ರಾತ್ರಿ

ಮತ್ತೆ ನಮ್ಮ ಕಡೆಗೆ ಬರೋಣ. ಬ್ಯಾಂಕಾಕ್ ನಂತರ ಬೆಂಗಳೂರಿನ ಹೆಸರು ಏಷ್ಯಾದಲ್ಲಿ ಜೋರಾಗಿ ಕೇಳಲು 47 ವರ್ಷ ಬೇಕಾಯಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್‌ನಲ್ಲಿ ಹಾಂಕಾಂಗಿಗೆ ಹೋಗಿ ಕಿಟ್ಚಿ ತಂಡವನ್ನು 3-2ರಿಂದ, ನಂತರ ಸಿಂಗಾಪುರದ ಟ್ಯಾಂಪಿನೀಸ್ ರೋವರ್ಸ್ ತಂಡವನ್ನು ಸೋಲಿಸಿತು. ಸೆಮಿಫೈನಲ್‌ನಲ್ಲಿ ಎದುರಾದದ್ದು ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹರ್. ಅಲ್ಲಿ 1-1. ಅಕ್ಟೋಬರ್ 19ರಂದು ಕಂಠೀರವ ಸ್ಟೇಡಿಯಂನಲ್ಲಿ ಮೊದಲು ಗೋಲು ಬಿಟ್ಟುಕೊಟ್ಟರೂ ಸುನಿಲ್ ಛೆಟ್ರಿ ಎರಡು, ಸ್ಪೇನಿನ ಹುವಾನನ್ ಒಂದು ಗೋಲು ಹೊಡೆದು 3-1ರಿಂದ ಗೆದ್ದರು. ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅದು.

ಫೈನಲ್ ನವೆಂಬರ್ 5ಕ್ಕೆ, ಕತಾರ್‌ನ ದೋಹಾದಲ್ಲಿ. ಎದುರಾಳಿ ಇರಾಕಿನ ಏರ್ ಫೋರ್ಸ್ ಕ್ಲಬ್. ಮತ್ತೆ ದೋಹಾ ಯಾಕೆ? ಇರಾಕಿನ ಪರಿಸ್ಥಿತಿಯಿಂದಾಗಿ ಅವರಿಗೆ ತಮ್ಮ ದೇಶದಲ್ಲಿ ಆಡಲು ಅನುಮತಿ ಇರಲಿಲ್ಲ. ತಮ್ಮ "ತವರು" ಪಂದ್ಯವನ್ನು ಅವರು ಪರದೇಶದಲ್ಲಿ ಆಡಬೇಕಾಗಿತ್ತು. ನಮಗೆ ದೀಪಾವಳಿ ರಜೆ. ಮನೆಯ ಕಟ್ಟೆಯ ಮೇಲೆ ಕೂತು, ನೆಟ್‌ವರ್ಕ್ ಬಂದು ಹೋಗುವ ಫೋನಿನಲ್ಲಿ ಅಷ್ಟಿಷ್ಟು ನೋಡಿದೆ. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಗೋಲು ಹೊಡೆದ. 0-1. ಬೆಂಗಳೂರು ಸೋತಿತು. ಮೂರು ದಿನಕ್ಕೆ ಐನೂರು, ಸಾವಿರದ ನೋಟು ರದ್ದಾದವು. ಊರೆಲ್ಲ ಬ್ಯಾಂಕಿನ ಮುಂದೆ ಸಾಲು ನಿಂತಿತು, ಫುಟ್‌ಬಾಲ್ ಯಾರಿಗೂ ನೆನಪಿರಲಿಲ್ಲ!

ಆ ತಂಡದಲ್ಲಿ ಮಿಜೋರಾಂ, ಮೇಘಾಲಯ, ಪಂಜಾಬ್, ಸ್ಪೇನಿನವರಿದ್ದರು. ನಾಯಕ ಛೆಟ್ರಿ ಹುಟ್ಟಿದ್ದು ಸಿಕಂದರಾಬಾದ್‌ನಲ್ಲಿ. ಕೆಲವರು ಕೇಳುತ್ತಾರೆ, ಇದರಲ್ಲಿ ಬೆಂಗಳೂರು ಎಲ್ಲಿದೆ ಅಂತ. ಕಂಠೀರವದ ಪಶ್ಚಿಮದ ಗ್ಯಾಲರಿಯಲ್ಲಿ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ ಹುಡುಗರಲ್ಲಿದೆ ಎಂದು ನಾನು ಹೇಳುತ್ತೇನೆ. ಅಹ್ಮದ್ ಖಾನ್‌ರನ್ನು ಕಲ್ಕತ್ತೆ ತನ್ನವನೆಂದ ಹಾಗೆ ಬೆಂಗಳೂರು ಛೆಟ್ರಿಯನ್ನು ತನ್ನವನೆಂದಿತು. ಲೆಕ್ಕ ಸರಿಹೋಯಿತು.

ಆ ಹುಡುಗನಿಗೆ ಉತ್ತರ

ಈಗ ಆ ಹುಡುಗನ ಪ್ರಶ್ನೆ. ಇಷ್ಟೆಲ್ಲ ಓದಿದ ಮೇಲೆ ಒಂದು ದಿನ ಇತಿಹಾಸದ ತಾಸಿನಲ್ಲಿ ನಕಾಶೆ ತೂಗುಹಾಕಿ, ಬ್ಯಾಂಕಾಕ್, ಕೀವ್, ಟಿಬಿಲಿಸಿ, ದೋಹಾ ಎಲ್ಲಿವೆ ಎಂದು ಅವನ ಕೈಯಲ್ಲೇ ಹುಡುಕಿಸಿದೆ. ಟಿಬಿಲಿಸಿ ಹುಡುಕಲು ಬಹಳ ಹೊತ್ತು ಬೇಕಾಯಿತು. ಆಮೇಲೆ ದರಾಸೆಲಿಯಾನ ಕಥೆ ಹೇಳಿದೆ.

"ನೋಡಪ್ಪಾ, ಅಂಗಿ ಮ್ಯಾಲಿನ ಹೆಸರು ಸುಳ್ಳಲ್ಲ. ಅದನ್ನು ಹಾಕ್ಕೊಂಡು ಆಡೋವಾಗ ಮನಸಿಟ್ಟು ಆಡಬೇಕು. ಆದರ ಅದಷ್ಟೇ ನಿನ್ನ ಹೆಸರಲ್ಲ. ನೀ ಸಾಂಗ್ಲಿ ಜಿಲ್ಲಾದ ಪರವಾಗಿ ಗೆದ್ದರ ಅದು ಮಹಾರಾಷ್ಟ್ರದ ಗೆಲುವು, ಮುಚ್ಚಂಡಿಯ ಗೆಲುವು, ಕನ್ನಡ ಸಾಲಿಯ ಗೆಲುವು. ಮೂರೂ ಖರೇ. ಒಂದನ್ನು ಹೇಳಾಕ ಇನ್ನೊಂದನ್ನು ಅಳಸಬೇಕಾಗಿಲ್ಲ."

ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರ ಕರ್ನಾಟಕಕ್ಕ ಚಪ್ಪಾಳಿ ಹೊಡೀಬಹುದ್ರೀ?" ಎಂದ.

"ಹೊಡಿಯಪ್ಪಾ, ಜೋರಾಗಿ ಹೊಡಿ" ಎಂದೆ.

ಸ್ನೇಹಿತರೇ, ದೊಡ್ಡ ಹೆಸರುಗಳನ್ನು ದಾಖಲೆಗಳು ತಾವಾಗಿಯೇ ಬರೆದಿಡುತ್ತವೆ. ಪಟ್ಟಿಯಲ್ಲಿ "ಸೋವಿಯತ್ ಒಕ್ಕೂಟ" ಇರುತ್ತದೆ, "ಭಾರತ" ಇರುತ್ತದೆ. ಒಸ್ಸೆಟಿಯಾ ಇರುವುದಿಲ್ಲ, ಗೌತಮಪುರವೂ ಇರುವುದಿಲ್ಲ. ಆ ಸಣ್ಣ ಹೆಸರುಗಳನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು, ಇಲ್ಲವಾದರೆ ಒಂದು ತಲೆಮಾರಿನಲ್ಲಿ ಅಳಿಸಿಹೋಗುತ್ತವೆ. 1969ರಲ್ಲಿ ಮೈಸೂರಿನ ಅಂಗಿ ತೊಟ್ಟು ಬ್ಯಾಂಕಾಕಿಗೆ ಹೋದವರ ಹೆಸರು ಬೆಂಗಳೂರಿನಲ್ಲೇ ಇವತ್ತು ಎಷ್ಟು ಮಕ್ಕಳಿಗೆ ಗೊತ್ತು? ಅವರಲ್ಲಿ ಯಾರ ಮನೆಯಲ್ಲಾದರೂ ಒಂದು ಹಳೇ ಫೋಟೋ, ಒಂದು ಪೇಪರ್ ಕಟಿಂಗ್ ಇದ್ದರೆ ಗೆದ್ದಲು ತಿನ್ನುವ ಮೊದಲು ಹೊರಗೆ ತೆಗೆಯಿರಿ. ನಮ್ಮ ಪರಿಪಾಠದಲ್ಲಿ ಅದನ್ನು ಓದಿಸುವ ಜವಾಬ್ದಾರಿ ನನ್ನದು.

ಸದ್ಯಕ್ಕೆ ಇಷ್ಟು. ತಾಲ್ಲೂಕು ಕಬಡ್ಡಿಗೆ ನಮ್ಮ ಹುಡುಗರನ್ನು ತಯಾರು ಮಾಡುವುದಿದೆ. ಮತ್ತೆ ಸಿಗೋಣ.